ಮಾವನ ಲಾರಿ, ಪುಟ್ಟನಂಜಿಯ ಲೆಕ್ಕ

“ಅಳೇ ಲಾರಿ ಇನ್ನೂ ಎರಡು ವರ್ಷ ಓಡ್ಲಿ ಮಾವ. ಈಗ ಮಾರುದ್ರ ನಷ್ಟ.”

ಪುಟ್ಟನಂಜಮ್ಮ ಹೇಳಿ ಮುಗಿಸುವ ಮೊದಲೇ ಶಿವಮಲ್ಲಪ್ಪ ನಕ್ಕ. ತಾಳವಾಡಿ ಬಸ್ ಸ್ಟ್ಯಾಂಡಿನ ಎದುರಿನ ಅವನ ಲಾರಿ ಆಫೀಸಿನಲ್ಲಿ ಆ ನಗು ಎಲ್ಲರಿಗೂ ಪರಿಚಿತ. ಮೊದಲು ಮೂಗಿನಲ್ಲಿ ಹುಟ್ಟುತ್ತಿತ್ತು, ಆಮೇಲೆ ಬಾಯಿಗೆ ಇಳಿಯುತ್ತಿತ್ತು.

“ಕೇಳ್ದ್ಯಾ ರುದ್ರಸ್ವಾಮಿ?” ಬಾಗಿಲಲ್ಲಿ ನಿಂತಿದ್ದ ಡ್ರೈವರನನ್ನು ಕರೆದ. “ದಿಂಬಂ ಘಾಟಿ ಇಳಿಯೋನು ನೀನು. ಎರಡು ವರ್ಷ ಅಂತ ಲೆಕ್ಕ ಆಕೋಳು ಇವ್ಳು.”

ರುದ್ರಸ್ವಾಮಿ ಕಾಲಿಗೆ ಮೆತ್ತಿದ ಸಗಣಿಯನ್ನು ನೋಡುವಂತೆ ಅವಳನ್ನು ನೋಡಿದ. ಪುಟ್ಟನಂಜಮ್ಮನ ಬೆರಳುಗಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದವು.

“ಈ ವಾರವೇ ಮಾರ್ತೀನಿ,” ಎಂದ ಶಿವಮಲ್ಲಪ್ಪ. “ಅದೇನ್ ನಷ್ಟ ಬತ್ತದ ನೋಡ್ತೀನಿ.”

ಅವಳ ಹಿಡಿತ ಸಡಿಲವಾಯಿತು. ತಲೆ ತಗ್ಗಿಸಿ ಕೂತಳು.

ಅವಳು ಶಿವಮಲ್ಲಪ್ಪನ ಅಕ್ಕನ ಮಗಳು. ಮೊದಲ ಲಾರಿಯನ್ನು ಅವಳ ಅಪ್ಪನೂ ಶಿವಮಲ್ಲಪ್ಪನೂ ಜೊತೆಯಾಗಿ ಕೊಂಡಿದ್ದರು. ಅಪ್ಪ ಸತ್ತ ಮೇಲೆ ಅವನ ಪಾಲು ಶಿವಮಲ್ಲಪ್ಪನ ಕೈಯಲ್ಲೇ ಉಳಿಯಿತು. ತಾಯಿ ಮಗಳು ಅವನ ಮನೆಯ ಹಿಂದಿನ ಕೋಣೆಯಲ್ಲಿ ಉಳಿದರು. ವ್ಯಾಪಾರ ಮುಳುಗಿದರೆ ಅವರಿಗೆ ಆ ಕೋಣೆಯೂ ಇಲ್ಲ.

ಕೊಯಮತ್ತೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವಳು ಆಫೀಸಿನ ಮೂಲೆಯಲ್ಲಿ ಒಂದು ಕುರ್ಚಿ ಕೇಳಿದ್ದಳು. ಯಾವ ಮಾಲು ಯಾವ ಮಂಡಿಗೆ, ದಾಸ್ತಾನು ಯಾವಾಗ ಖಾಲಿ ಮಾಡಬೇಕು, ಹಳೆಯ ಗಾಡಿ ಎಲ್ಲಿಯವರೆಗೆ ಲಾಭ, ಎಲ್ಲಿಂದಾಚೆಗೆ ಅಪಾಯ. ಇವಕ್ಕೆಲ್ಲ ಗಣಿತದಲ್ಲಿ ಉತ್ತರವಿದೆ ಎಂದಳು. ದೊಡ್ಡ ಕಂಪನಿಗಳು ಹೀಗೇ ತೀರ್ಮಾನಿಸುತ್ತವೆ ಎಂದಳು.

“ದೊಡ್ಡ ಕಂಪ್ನಿಯೋರ್ಗ ಬುದ್ಧಿ ಇಲ್ಲ ಕಣಮ್ಮಿ,” ಎಂದಿದ್ದ ಮಾವ. “ಅದ್ಕೇ ಲೆಕ್ಕ ಬೇಕು.”

ಮೊದಲ ವರ್ಷ ಅವಳು ವಾದ ಮಾಡಿದಳು. ಮಳೆಗೆ ಮುಂಚೆ ಈರುಳ್ಳಿ ಮಾರಿಬಿಡಿ ಎಂದು ಗೋಗರೆದಳು, ಹಾಳೆಗಟ್ಟಲೆ ಲೆಕ್ಕ ತೋರಿಸಿದಳು, ಕೊನೆಗೆ ಅತ್ತಳು. ಹೆಂಗಸಿನ ಕಣ್ಣೀರಿಗೆ ವ್ಯಾಪಾರ ಮಾಡುವವನು ತಾನಲ್ಲ ಎಂದು ಶಿವಮಲ್ಲಪ್ಪ ಈರುಳ್ಳಿ ಇಟ್ಟುಕೊಂಡ. ಅದು ಕೊಳೆತು, ನಾತ ಬಸ್ ಸ್ಟ್ಯಾಂಡಿನ ತನಕ ಹಬ್ಬಿತು. ಮಳೆ ಮೋಸ ಮಾಡಿತು ಎಂದ. ಅಂದಿನಿಂದ ಅವಳು ವಾದ ಬಿಟ್ಟಳು. ಉತ್ತರ ಹೇಳುವಳು, ಸುಮ್ಮನಾಗುವಳು.

ವಿಚಿತ್ರವೆಂದರೆ ಮಾವನ ಅದೃಷ್ಟ ಖುಲಾಯಿಸಿದ್ದೂ ಅಲ್ಲಿಂದಲೇ. ಕೋಸನ್ನು ಮೇಟುಪಾಳ್ಯಕ್ಕೆ ಕಳಿಸಿ ಎಂದಳು. ಅವನು ಮೈಸೂರಿಗೆ ಕಳಿಸಿದ. ಆ ವಾರ ಮೇಟುಪಾಳ್ಯದ ಮಂಡಿಯಲ್ಲಿ ಕೋಸನ್ನು ದನಕ್ಕೆ ಹಾಕಿದರು. ಗೋಡೌನು ತಾಳಮಲೆಯಲ್ಲಿ ಕಟ್ಟಿ ಎಂದಳು. ಅವನು ತಾಳವಾಡಿಯಲ್ಲೇ ಕಟ್ಟಿದ. ಮಳೆಗಾಲದಲ್ಲಿ ತಾಳಮಲೆಯ ದಾರಿ ಕೊಚ್ಚಿಹೋಗಿ ಆ ಊರು ಲಾರಿಯನ್ನೇ ಕಾಣಲಿಲ್ಲ.

ದಿಂಬಂನ ಟೀ ಅಂಗಡಿಗಳಲ್ಲಿ ಇದನ್ನು ಹೇಳದೆ ಅವನು ಲೋಟ ಕೆಳಗಿಡುತ್ತಿರಲಿಲ್ಲ. “ನಾಲ್ಕನೇ ಕ್ಲಾಸು ನಾನು, ಎಮ್ಮೆಸ್ಸಿ ಅವ್ಳು. ಗೆದ್ದೋರ್ಯಾರು ಕೇಳ್ರಪ್ಪ!” ಕೇಳುವವರಿಗೂ ಅದು ಹಿತವಾಗಿತ್ತು. ಓದಿದ ಹೆಣ್ಣು ಸೋಲುವುದು ಟೀಗಿಂತ ಸಿಹಿ.

ಹಳೇ ಲಾರಿಯನ್ನು ಅದೇ ವಾರ ಸತ್ಯಮಂಗಲದ ಗುಜರಿಗೆ ಹಾಕಿದ. ಅಲ್ಲಿಯ ಮೆಕ್ಯಾನಿಕ್ ಚಕ್ರ ಬಿಚ್ಚಿದಾಗ ಬ್ರೇಕ್ ಡ್ರಮ್ಮು ಉದ್ದಕ್ಕೂ ಸೀಳಿಹೋಗಿತ್ತು. ಲೋಡು ಹೊತ್ತು ಇನ್ನೊಂದು ಸಲ ಘಾಟಿ ಇಳಿದಿದ್ದರೆ ಲಾರಿಯೂ ಇಲ್ಲ, ಡ್ರೈವರೂ ಇಲ್ಲ ಎಂದನಂತೆ. ಆ ಮಾತು ಸಂಜೆಯ ಬಸ್ಸಿನಲ್ಲಿ ತಾಳವಾಡಿಗೆ ಬಂತು.

ಮರುದಿನ ರುದ್ರಸ್ವಾಮಿಯ ಹೆಂಡತಿ ಕರಿಯಮ್ಮ ಆಫೀಸಿಗೆ ನುಗ್ಗಿದಳು. ಹಿಂದೆ ಬಸ್ ಸ್ಟ್ಯಾಂಡಿನ ಜನ.

“ನನ್ ಗಂಡನ್ ಜೀವ್ವ ನಿನ್ ಲೆಕ್ಕದಲ್ಲಿ ಕೂಡುದ್ಯೋ, ಕಳುದ್ಯೋ? ಏಳೇ!”

ಪುಟ್ಟನಂಜಮ್ಮ ಎದ್ದು ನಿಂತಳು. ಕರಿಯಮ್ಮ ಅವಳ ಕಾಲ ಬಳಿ ಉಗಿದಳು. ಜನ ತಡೆಯಲಿಲ್ಲ.

“ನಾನಿದ್ದೆ, ಸರಿಓಯ್ತು ಬುಡವ್ವ,” ಎಂದು ಶಿವಮಲ್ಲಪ್ಪ ಮೀಸೆ ತೀಡಿದ. “ಇನ್ಮ್ಯಾಲ ಇವ್ಳಿಗ ಆಫೀಸು ಬ್ಯಾಡ. ಒಲೆ ಮುಂದ ಕೂರ್ಲಿ.”

“ನಾನೂ ಅದ್ನೇ ಅನ್ಕಂಡಿದ್ದೆ ಮಾವ,” ಎಂದಳು ಪುಟ್ಟನಂಜಮ್ಮ ಮೆಲ್ಲಗೆ. “ನಾನು ಬುಟ್ಟೋದ್ರೇ ವ್ಯಾಪಾರಕ್ಕ ಒಳ್ಳೇದು ಅಂತ ಲೆಕ್ಕ ಬತ್ತದ.”

ಮೂಗಿನಲ್ಲಿ ಹುಟ್ಟಿದ್ದ ನಗು ಬಾಯಿಗೆ ಇಳಿಯಲಿಲ್ಲ. ಶಿವಮಲ್ಲಪ್ಪ ಅವಳನ್ನೇ ನೋಡಿದ.

“ಓಹೋ! ನೀನೇಳ್ದಂಗ ನಾನ್ ಕುಣೀಬೇಕಾ? ಎಲ್ಲೂ ಓಗಂಗಿಲ್ಲ. ಬಿದ್ದಿರು ಇಲ್ಲೇ.”

ಸಂಜೆ ಮನೆಯಲ್ಲಿ ತಾಯಿ ದೊಡ್ಡತಾಯಮ್ಮ ಮಗಳ ಮುಖ ನೋಡದೆ ಮುದ್ದೆ ಬಡಿಸಿದಳು.

“ಕರಿಯಮ್ಮ ಉಗುದ್ಲಂತ?”

“ಉಗೀಲಿ ಬುಡವ್ವ. ಅವ್ಳ ಗಂಡ ಮನಗ ಬಂದ್ನಲ್ಲ.”

“ಆ ಮಾತ ಆಡಾಕ ನಿಂಗ್ಯಾವ ಬಾಯಿ?” ತಾಯಿಯ ಕಣ್ಣು ತುಂಬಿತು. “ಅಷ್ಟೊಂದು ಓದುಸ್ದೋ. ಎಲ್ರೂ ಆಡ್ಕಂಡು ನಗ್ತಾವ್ರ. ನಿನ್ ಲೆಕ್ಕ ಒಂದ್ಸಲಾನೂ ಯಾಕ್ ಸರಿ ಬರಾಕಿಲ್ಲ ಮಗ?”

“ಒಂದ್ಸಲಾನೂ ತಪ್ಪಿಲ್ಲ ಕಣವ್ವ,” ಎಂದಳು ಪುಟ್ಟನಂಜಮ್ಮ. “ಸರಿಯಾದುದ್ದ ಏಳುದ್ರ ಮಾವ ಮಾಡಾಕಿಲ್ಲ; ಅದ್ಕೇ ಉಲ್ಟಾ ಏಳ್ತೀನಿ.”