ಗಡಿಕಲ್ಲಿನಿಂದ ಮೂವತ್ತು ಮೀಟರು

"ಅಕ್ಕಾ, ಈ ತುದಿ ಗೋಡೆಗೆ ಒತ್ತಿ ಹಿಡ್ಕೊಳ್ತೀರಾ?" ಅಳತೆಗೆ ಬಂದಿದ್ದ ಇಂಜಿನಿಯರ್ ಟೇಪು ಚಾಚಿದಳು.

ಟೇಪಿನ ಕೊಕ್ಕೆ ಅವಳ ಬೆರಳಿಗೆ ಸಿಕ್ಕಿದ್ದೇ ಜಾರಿ ಬಿತ್ತು. ಬಗ್ಗಿ ಎತ್ತಿಕೊಂಡಳು. ಮತ್ತೆ ಬಿತ್ತು.

"ಹೆದರ್ಕೋಬೇಡ," ಪಕ್ಕದಲ್ಲಿದ್ದ ಗಂಡ ಹಲ್ಲು ಕಚ್ಚಿ ಪಿಸುಗುಟ್ಟಿದ. "ಹೀಗೆ ನಡುಗ್ತಾ ನಿಂತ್ರೆ ಇಲ್ಲದ ಅನುಮಾನ ಬರುತ್ತೆ."

ಹಿತ್ತಲಿನಾಚೆ, ಜೊಂಡು ಹುಲ್ಲಿನ ಹಿಂದೆ, ಜೌಗು ನೆಲ ಬಿಸಿಲಿಗೆ ಹೊಳೆಯುತ್ತಿತ್ತು. ಅದು ಸಂರಕ್ಷಿತ ಪ್ರದೇಶ. ಅದರ ಗಡಿಕಲ್ಲಿನಿಂದ ಮೂವತ್ತು ಮೀಟರಿನೊಳಗೆ ಕೋಳಿಗೂಡನ್ನೂ ಕಟ್ಟುವಂತಿಲ್ಲ. ಗಂಡ ಕಟ್ಟಿಸಿದ್ದು ಕೋಣೆ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಒಂದು ಮಂಚ ಹಿಡಿಸುವಷ್ಟು ಜಾಗ, ಸೂರಿನ ಹತ್ತಿರ ಒಂದು ಗವಾಕ್ಷಿ, ಕಬ್ಬಿಣದ ಬಾಗಿಲು, ಅದಕ್ಕೆ ಹೊರಗಿನಿಂದ ದಪ್ಪ ಚಿಲಕ.

ಕೋಣೆ ನಾದಿನಿಗೆ. ಮೆದುಳು ಜ್ವರ ಬಂದು ಹೋದ ಮೇಲೆ ಗಂಡನ ಆ ಒಬ್ಬಳೇ ತಂಗಿಗೆ ಮಾತು ನಿಂತುಹೋಗಿತ್ತು. ನಲ್ಲಿ ತಿರುಗಿಸಿ ಮರೆಯುತ್ತಿದ್ದಳು. ಒಲೆ ಹಚ್ಚಿ ಎದ್ದು ಹೋಗುತ್ತಿದ್ದಳು. ಬಾಗಿಲು ತೆರೆದಿದ್ದರೆ ಸಾಕು, ನೀರಿನ ಕಡೆ ನಡೆದುಬಿಡುತ್ತಿದ್ದಳು. ಹಿಂದೆ ಓಡುವುದು, ಕೈ ಹಿಡಿದು ಕರೆತರುವುದು, ಕಾಲಿನ ಕೆಸರು ತೊಳೆಯುವುದು, ಎಲ್ಲವೂ ಅತ್ತಿಗೆಯ ಪಾಲಿಗೆ.

"ನನ್ನ ಹೆಂಡ್ತಿ ಎಷ್ಟು ಅಂತ ತಡ್ಕೋತಾಳೆ? ಅವಳ ಸಲುವಾಗೇ ಕಟ್ಟಿಸ್ದೆ," ಎಂದು ಗಂಡ ಸಿಕ್ಕಸಿಕ್ಕವರಿಗೆ ಹೇಳುತ್ತಿದ್ದ. ನೆಂಟರು ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೇಕಾಯಿ, ಇದೇನು ಹೊಸದೇ?

ಅವಳೂ ದಿನಾ ಒಂದೇ ಮಾತು ಆಡುತ್ತಿದ್ದಳು: "ಮಳೆ ಹಿಡಿಯೋದ್ರೊಳಗೆ ಈ ಕೋಣೆದು ಒಂದು ತೀರ್ಮಾನ ಆಗ್ಲೇಬೇಕು." ಕಳೆದ ಮಳೆಗಾಲದಲ್ಲಿ ಜೌಗಿನ ನೀರು ಏರಿ ಬಂದು, ಈಗ ಕೋಣೆ ಇರುವ ಜಾಗದಲ್ಲಿ ಬಟ್ಟೆ ಒಗೆಯುವ ಕಲ್ಲನ್ನು ಮುಳುಗಿಸಿತ್ತು. ಸದ್ದಿಲ್ಲದೆ ಬಂದಿತ್ತು, ಬೆಳಗ್ಗೆ ಎದ್ದು ನೋಡಿದಾಗಲೇ ಗೊತ್ತಾದದ್ದು. "ಆಯ್ತು ಮಾರಾಯ್ತಿ, ಬೇಗ ಮುಗಿಸ್ತೀನಿ," ಎಂದು ಗಂಡ ಗಾರೆಯವರನ್ನು ಇನ್ನಷ್ಟು ಅವಸರಿಸಿದ್ದ.

ನಿನ್ನೆ ಜೌಗು ಪ್ರದೇಶ ನೋಡಿಕೊಳ್ಳುವ ಇಲಾಖೆಯ ಕಚೇರಿಯಿಂದ ಕರೆ ಬಂತು. ಯಾರೋ ಹೆಸರು ಹೇಳದೆ ಫೋನಿನಲ್ಲಿ ದೂರು ಕೊಟ್ಟಿದ್ದಾರೆ, ಅಳತೆಗೆ ಬರುತ್ತೇವೆ ಎಂದರು. ಗಂಡ ಕೈಯಲ್ಲಿದ್ದ ಗಾಜಿನ ಲೋಟವನ್ನು ಗೋಡೆಗೆಸೆದ.

"ಎದುರುಮನೆ ಮೇಷ್ಟ್ರದೇ ಕೆಲಸ! ದುರ್ಬೀನು ಹಿಡ್ಕೊಂಡು ಹಕ್ಕಿ ಕಾಯೋ ಮುದುಕ. ಖಾತ್ರಿ ಆಗ್ಲಿ, ಕಾಲು ಮುರಿದು ಕೈಗೆ ಕೊಡ್ತೀನಿ."

ಅವಳು ಗಾಜಿನ ಚೂರು ಆರಿಸುತ್ತ ತಲೆ ಎತ್ತಲಿಲ್ಲ. ಗಂಡ ಸೀದಾ ಹಿತ್ತಲಿಗೆ ಹೋಗಿ, ಗಡಿಕಲ್ಲು ಕಾಣದಂತೆ ಅದರ ಮೇಲೆ ಕೊಯ್ದ ಜೊಂಡಿನ ರಾಶಿ ಹೇರಿ ಬಂದ.

"ಗಡಿಕಲ್ಲು ಎಲ್ಲಿದೆ?" ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟಿದ್ದ ಇಂಜಿನಿಯರ್ ಈಗ ಕೇಳಿದಳು. "ಇಲ್ಲೇ ಎಲ್ಲೋ ಇರ್ಬೇಕಲ್ಲ?"

"ಕಲ್ಲಾ? ನಾವು ಬಂದಾಗಿಂದ ಕಂಡಿಲ್ಲ ಮೇಡಂ. ನೀರಿನಂಚು ನೋಡಿ, ಅಷ್ಟು ದೂರ ಇದೆ. ಅಲ್ಲಿಂದ ಹಿಡಿದ್ರೆ ನಲವತ್ತಕ್ಕೆ ಮೋಸ ಇಲ್ಲ."

"ಬೇಸಿಗೆಯಲ್ಲಿ ನೀರು ಹಿಂದೆ ಸರಿಯುತ್ತೆ ಸಾರ್. ಲೆಕ್ಕ ಕಲ್ಲಿಂದ." ಆಕೆ ಸುತ್ತ ಕಣ್ಣಾಡಿಸಿದಳು. "ಕಲ್ಲು ಸಿಗ್ದಿದ್ರೆ ನೀರಿನಂಚಿಂದ್ಲೇ ಹಿಡೀಬೇಕಾಗುತ್ತೆ. ಬೇರೆ ದಾರಿಯಿಲ್ಲ."

ಟೇಪು ಬಿಚ್ಚುತ್ತ ಇಂಜಿನಿಯರ್ ನೀರಿನತ್ತ ನಡೆದಳು. ಗಂಡನ ಮುಖ ಅರಳಿತು. ಹೆಂಡತಿ ಹಿಡಿದ ಕೊಕ್ಕೆ ಗೋಡೆಗೆ ತಾಗಿ ಕಟಕಟ ಎನ್ನತೊಡಗಿತು.

ಅಡುಗೆಮನೆಯ ಬಾಗಿಲಿನಿಂದ ನಾದಿನಿ ಹೊರಬಂದದ್ದು ಆಗಲೇ. ಬರಿಗಾಲಿನಲ್ಲಿ ಸೀದಾ ಜೊಂಡಿನ ರಾಶಿಗೆ ಹೋದಳು. ಎರಡೂ ಕೈಯಿಂದ ಅದನ್ನು ಪಕ್ಕಕ್ಕೆ ದೂಡಿದಳು. ದಿನವೂ ಕೂರುವ ಕಡೆಯೇ ಕೂತು, ಕಾಲು ಇಳಿಬಿಟ್ಟಳು.

ಇಂಜಿನಿಯರ್ ಇತ್ತ ಬೆನ್ನು ಮಾಡಿದ್ದಳು. ಗಂಡ ತುಟಿಯ ಮೇಲೆ ಬೆರಳಿಟ್ಟು ಹೆಂಡತಿಗೆ ಸನ್ನೆ ಮಾಡಿದ.

"ಅಯ್ಯೋ, ಇಳಿಯೇ!" ಅವಳು ಕಿರುಚಿದಳು. "ಆ ಕಲ್ಲಿನ ಮೇಲೆ ಕೂತ್ಕೋಬೇಡ, ಬಿದ್ದುಬಿಡ್ತೀಯ!"

ಇಂಜಿನಿಯರ್ ನಿಂತಳು. ತಿರುಗಿದಳು.

"ಯಾವ ಕಲ್ಲು?"

ಕಲ್ಲಿನ ಮೇಲೆ ಇಲಾಖೆಯ ಗುರುತು ಸ್ಪಷ್ಟವಾಗಿತ್ತು. ಅಲ್ಲಿಂದ ಕೋಣೆಯ ಗೋಡೆಗೆ ಟೇಪು ಎಳೆದರೆ ಇಪ್ಪತ್ತೂ ಮುಟ್ಟಲಿಲ್ಲ.

"ಕೋಣೆ ತೆಗೀಲೇಬೇಕು," ಇಂಜಿನಿಯರ್ ಹೇಳಿದಳು. "ಮಳೆಗಾಲಕ್ಕೆ ಮುಂಚೆ. ನೀವು ತೆಗೀದಿದ್ರೆ ನಾವೇ ಬಂದು ತೆಗೀತೀವಿ. ಅಲ್ಲೀವರೆಗೂ ಒಳಗೆ ಯಾರನ್ನೂ ಇರಿಸೋ ಹಾಗಿಲ್ಲ."

"ನಿನ್ನ ಬಾಯಿಗೊಂದು ಬೀಗ ಇರಬಾರದಾ!" ಗಂಡ ಹೆಂಡತಿಯ ಮೇಲೆ ಹರಿಹಾಯ್ದ. ಅಷ್ಟರಲ್ಲಿ ಅವಳು ಗೋಡೆಗೆ ಒರಗಿದಂತೆಯೇ ಕುಸಿದು ನೆಲಕ್ಕೆ ಕೂತಿದ್ದಳು. ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದಳು. ಅವನ ಸಿಟ್ಟು ಜರ್ರನೆ ಇಳಿಯಿತು.

"ಅಳಬೇಡ ಸುಮ್ನಿರು. ಏನು ಮಾಡೋದು, ನಿನ್ನ ಹಣೆಬರಹ. ಇನ್ನು ಅವಳು ಯಾವಾಗ್ಲೂ ನಿನ್ನ ಪಕ್ಕದಲ್ಲೇ."

ನಾದಿನಿ ಬಂದು ಕೆಸರು ಕಾಲಿನಲ್ಲೇ ಅತ್ತಿಗೆಗೆ ಒತ್ತಿಕೊಂಡು ಕೂತಳು. ಗಂಡ ಎದುರುಮನೆಯ ಕಡೆ ನೋಡಿದ. "ಎಲ್ಲಾ ಆ ಮುದುಕನಿಂದ! ವಿಚಾರಿಸ್ಕೊಂಡು ಬರ್ತೀನಿ." ಗೇಟು ಧಡಾರನೆ ಬಡಿದುಕೊಂಡಿತು.

ಇಂಜಿನಿಯರ್ ಟೇಪು ಸುತ್ತಿ ಚೀಲಕ್ಕೆ ಹಾಕಿದಳು. ಅವನು ರಸ್ತೆ ದಾಟುವುದನ್ನೇ ಕಾದು ಅತ್ತಿಗೆಯೆದುರು ಕುಕ್ಕರುಗಾಲಲ್ಲಿ ಕೂತಳು.

"ಮೇಷ್ಟ್ರ ತಂಟೆಗೆ ಹೋಗದ ಹಾಗೆ ನಾನು ಅವರನ್ನ ತಡೀತೀನಿ, ನೀವು ಧೈರ್ಯವಾಗಿರಿ ಅಕ್ಕಾ. ಮೊನ್ನೆ ಫೋನಲ್ಲಿ ನಿಮ್ಮ ದನಿ ಇದಕ್ಕಿಂತ ಹೆಚ್ಚು ನಡುಗ್ತಿತ್ತು."