ಕೋಕೋ ಮರಕ್ಕೆ ಸಂಬಂಧ ಕೇಳಿದ್ದು

ತಂಗಿ ಗಾಜಿನ ಮನೆಯ ಬಾಗಿಲಲ್ಲಿ ನಿಂತು ಕೆಮ್ಮಿದಳು. ಒಳಗೆ ಕುಂಡ ತೊಳೆಯುತ್ತಿದ್ದ ಅಕ್ಕ ತಲೆ ಎತ್ತಲಿಲ್ಲ. ತಂಗಿ ಇನ್ನೊಮ್ಮೆ ಕೆಮ್ಮಿದ ಮೇಲೆ ಅಕ್ಕ ಕೈಯಲ್ಲಿದ್ದ ಕುಂಡಕ್ಕೇ ಹೇಳುವಂತೆ ಹೇಳಿದಳು: “ಸೊಪ್ಪಿನ ಅಂಗಡಿ ಇನ್ನೂ ತೆಗೆದಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ತಂಗಿಗೆ. ಆ ಮಾತು ಅವಳದ್ದೇ. ದೊಡ್ಡ ಸಸ್ಯೋದ್ಯಾನದಲ್ಲಿ ತೋಟಗಾರ್ತಿಯ ಕೆಲಸ ಸಿಕ್ಕ ಹೊಸತು, ತಲೆಗೆ ಕೊಂಬು ಬಂದಿತ್ತು. ಆಸ್ಪತ್ರೆಯ ಹಿಂದೆ ಅಕ್ಕ ನೋಡಿಕೊಳ್ಳುವ ಈ ಪುಟ್ಟ ಗಾಜಿನ ಮನೆಯನ್ನು ನೆಂಟರೆದುರು ‘ಸೊಪ್ಪಿನ ಅಂಗಡಿ’ ಎಂದಿದ್ದಳು. ಎಲ್ಲರೂ ನಕ್ಕರು, ಅಕ್ಕ ನಗಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ, ಏನಿದ್ದರೂ ಅಮ್ಮನ ಮೂಲಕ.

“ಅಕ್ಕ, ನಿನ್ನ ಹತ್ರ ಕೋಕೋ ಮರ ಇದೆಯಲ್ಲ?”

“ಇದೆ. ಏನೀಗ?”

“ನಮ್ಮ ಮರಕ್ಕೆ ಸಂಬಂಧ ಕೇಳೋಕೆ ಬಂದೆ.”

ಅಕ್ಕನ ಕೈ ನಿಂತಿತು. ತಂಗಿ ಒಂದೇ ಉಸಿರಿಗೆ ಎಲ್ಲ ಹೇಳಿಕೊಂಡಳು. ಅವಳ ಕೋಕೋ ಮರ ಮೈತುಂಬ ಹೂ ಬಿಡುತ್ತಿತ್ತು. ಕಾಂಡದ ಮೇಲೆಯೇ ಅರಳುವ, ಉಗುರಿನಷ್ಟು ಪುಟ್ಟ ಹೂಗಳು. ಕಾಯಿ ಮಾತ್ರ ಒಂದೂ ಕಚ್ಚುತ್ತಿರಲಿಲ್ಲ. ಗಾಜಿನೊಳಗೆ ಪರಾಗ ಹೊರುವ ನುಸಿಗಳಿಲ್ಲವಲ್ಲ ಎಂದು ತಾನೇ ದಿನಾ ಕುಂಚ ಹಿಡಿದು ಈ ಹೂವಿನಿಂದ ಆ ಹೂವಿಗೆ ಸವರಿದ್ದೇ ಬಂತು, ಹೂಗಳೆಲ್ಲ ನೆಲಕ್ಕೆ. ‘ಚಾಕೊಲೇಟ್ ಮರ ಎಲ್ಲಿ’ ಎಂದು ಆಸೆಯಿಂದ ಬಂದವರು ಬರಿ ಕಾಂಡ ನೋಡಿ ಮುಖ ಚಿಕ್ಕದು ಮಾಡುತ್ತಿದ್ದರು. ಈ ಸಲವೂ ಕಾಯಿ ಬಿಡದಿದ್ದರೆ ಗೊಡ್ಡು ಮರ ಕಡಿದು ಬಾಳೆ ನೆಡೋಣ ಎಂದು ಮೇಲ್ವಿಚಾರಕರು ಹೇಳಿಯೂ ಆಯಿತು. ಬೀಜದಿಂದ ಎತ್ತಿ ಬೆಳೆಸಿದ ಮರ, ತಂಗಿಗೆ ಅನ್ನ ಸೇರುತ್ತಿರಲಿಲ್ಲ. ಕೆಲವು ಕೋಕೋ ಮರಗಳು ಸ್ವಂತ ಪರಾಗವನ್ನು ಒಪ್ಪುವುದೇ ಇಲ್ಲ, ಬೇರೆ ಮರದ್ದೇ ಬೇಕು ಎಂದು ಮೊನ್ನೆಯಷ್ಟೇ ತಿಳಿದಿತ್ತು. ಊರಲ್ಲಿದ್ದ ಬೇರೆ ಮರ ಅಕ್ಕನದೊಂದೇ.

“ಅಂದ್ರೆ ಇಷ್ಟು ದಿನ ಅಣ್ಣ ತಂಗಿಗೆ ಮದುವೆ ಮಾಡಿಸ್ತಿದ್ದೆ.”

“ಹೂಂ.”

ಬೈಯಲೆಂದು ಬಾಯಿ ತೆರೆದ ಅಕ್ಕ ನಕ್ಕುಬಿಟ್ಟಳು. ನಗು ತಡೆಯಲಾಗದೆ ಕುಂಡ ಕೆಳಗಿಡಬೇಕಾಯಿತು. ತಂಗಿಗೆ ಅದೇಕೋ ಅಳು ಬಂತು.

“ಆವತ್ತು ಆ ಮಾತು ಆಡಬಾರದಿತ್ತು ಅಕ್ಕ. ತಪ್ಪಾಯ್ತು.”

“ಹೂವು ಬೇಕು ಅಂತ ತಪ್ಪಾಯ್ತಾ, ನಿಜವಾಗ್ಲೂ ತಪ್ಪಾಯ್ತಾ?”

“ಎರಡೂ.”

“ಮೂಗು ಒರೆಸ್ಕೊಂಡು ಬಾ.”

ಹಿಂದಿನ ಮೂಲೆಯಲ್ಲಿ ಅಕ್ಕನ ಮರ. ಕಾಂಡದ ತುಂಬ ಹೂವು. ತಂಗಿ ಸುತ್ತ ಬಂದು ನೋಡಿದಳು, ಅಲ್ಲೂ ಕಾಯಿ ಎಂಬುದಿಲ್ಲ.

“ನನ್ನದೂ ಅದೇ ಗೋಳು ಕಣೇ,” ಎಂದಳು ಅಕ್ಕ, ಹೂ ಬಿಡಿಸುತ್ತ. “ಕಾರಣ ಗೊತ್ತಿತ್ತು, ಗಂಡಿಗೆ ಎಲ್ಲಿ ಹೋಗ್ಲಿ? ನಾಳೆ ಬರುವಾಗ ನಿಮ್ಮ ಕಡೆ ಹೂವೂ ತಗೊಂಡು ಬಾ. ಕೊಟ್ಟು ತಂದ್ರೇನೇ ಸಂಬಂಧ ಗಟ್ಟಿ.”

ಆ ಹೂವಿನ ಆಯಸ್ಸು ಒಂದೇ ದಿನ, ತೆಗೆದಿಟ್ಟರೆ ಆಗದು. ಹೀಗಾಗಿ ತಂಗಿ ದಿನಾ ಬೆಳಿಗ್ಗೆ ಡಬ್ಬಿಯಲ್ಲಿ ಹೂ ತರುವುದು, ಅಕ್ಕನ ಹೂ ಒಯ್ಯುವುದು, ನಡುವೆ ಇಬ್ಬರೂ ಕಾಫಿ ಕುಡಿಯುತ್ತ ಅಮ್ಮನನ್ನು ಆಡಿಕೊಳ್ಳುವುದು. ಮೊದಲು ಅಕ್ಕನ ಮರದಲ್ಲಿ ಕಾಯಿ ಕಚ್ಚಿತು, ಆಮೇಲೆ ತಂಗಿಯದರಲ್ಲಿ. ಎಳೆಗಾಯಿ ಒಣಗಿ ಹೋಗುವುದೂ ಉಂಟೆಂದು ತಂಗಿ ಬಾಯಿ ಬಿಡಲಿಲ್ಲ. ಕಾಯಿ ಅಂಗೈ ಮೀರಿ ಬೆಳೆದಾಗ ಮೇಲ್ವಿಚಾರಕರೇ ಬಂದು, ಕಡಿಯುವ ಮಾತು ತಾವು ಆಡಿಯೇ ಇಲ್ಲವೆಂಬಂತೆ, ಮರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು.

ಅಂದು ಸಂಜೆ ತಂಗಿ ಕೆಲಸದವರ ಬಾಗಿಲಿನಿಂದ ಅಕ್ಕನನ್ನು ಕೈ ಹಿಡಿದು ಕರೆತಂದಳು. ಅಕ್ಕ ಹಸಿರು ಕಾಯಿಯನ್ನು ಮಗುವಿನ ತಲೆ ಸವರುವಂತೆ ಸವರಿದಳು.

“ಬಣ್ಣ ನಮ್ಮ ಕಡೆದು,” ಎಂದಳು.

“ಇರಬಹುದು, ಬಿಡು. ಅಲ್ಲ ಅಕ್ಕ, ನಿನಗೆ ಕಾರಣ ಮೊದಲೇ ಗೊತ್ತಿತ್ತಲ್ಲ. ಒಂದು ಸಲ ಬಂದು ಹೂವು ಕೇಳಬಾರದಿತ್ತಾ?”

“ಬಂದಿದ್ದೆ.”

“ಇಲ್ಲಿಗಾ?”

“ಗೇಟಿನ ತನಕ.” ಅಕ್ಕ ಕಾಯಿಯ ಮೇಲಿಂದ ಕೈ ತೆಗೆಯಲಿಲ್ಲ. “ಟಿಕೆಟ್ ತಗೊಳ್ಳಿ ಅಂದ್ರು. ತಂಗಿ ಮನೆಗೆ ಯಾರಾದ್ರೂ ಟಿಕೆಟ್ ತಗೊಂಡು ಹೋಗ್ತಾರೇನೇ?”