ಡಾಕ್ಟರಮ್ಮನ ಮನೆಯ ರೊಟ್ಟಿ

ಸಿದ್ಧರಾಮನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆಂದು ಸುಜಾತಾಳಿಗೆ ಗೊತ್ತಾದದ್ದು ಅವನ ಫೋನನ್ನು ಚಾರ್ಜಿಗೆ ಹಚ್ಚುವಾಗ. ಗಂಡ ಜಳಕಕ್ಕೆ ಹೋಗಿದ್ದ, ಪರದೆ ಇನ್ನೂ ಆರಿರಲಿಲ್ಲ. ‘ನಾನು ಗುತ್ತಿಗೆದಾರ, ಹೆಂಡತಿ ಕಣ್ಣಿನ ಡಾಕ್ಟರು. ಇಬ್ಬರದೂ ಸೇರಿ ತಿಂಗಳಿಗೆ ಒಂಬತ್ತು ಲಕ್ಷ. ಎಂಟನೇ ತರಗತಿ ಓದುವ ಒಬ್ಬಳೇ ಮಗಳು ರೇಣುಕಾ. ಇಷ್ಟರಲ್ಲಿ ನೆಮ್ಮದಿಯಿಂದ ಬಾಳಬಹುದೇ?’ ಎಂದು ಬರೆದಿದ್ದ. ಬರೆದವನ ಹೆಸರಿನ ಜಾಗದಲ್ಲಿ ಮಾತ್ರ ‘ಡೋಣಿದಂಡೆ’ ಎಂದಿತ್ತು. ಮಗಳು ಅವಳೇ, ಓದುವ ತರಗತಿಯೂ ಅದೇ. ಬದಲಾದವಳು ಹೆಂಡತಿ.

ಅದು ಕನ್ನಡದವರೇ ಸೇರಿ ಮಾಡಿಕೊಂಡ ಒಂದು ಆನ್‌ಲೈನ್ ಕಟ್ಟೆ. ಅಲ್ಲಿ ಯಾರಿಗೆ ಯಾರ ಗುರುತೂ ಇಲ್ಲ. ತಂತಮ್ಮ ಮನೆಯ ಆದಾಯ ಬರೆದು, ಇಷ್ಟು ಸಾಲುತ್ತದೆಯೇ ಎಂದು ಕೇಳುತ್ತಾರೆ. ಹಾಗೆ ಕೇಳುವವರಿಗೆಲ್ಲ ಸಾಲಿ ಮಿಗುವಷ್ಟಿರುತ್ತದೆ. ಬಸವನ ಬಾಗೇವಾಡಿಯ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಸಿದ್ಧರಾಮ, ಹೋದ ಯುಗಾದಿಯ ಸುಮಾರಿಗೆ, ಬೇರೊಂದು ಹೆಸರಿನಲ್ಲಿ ನಿಜವನ್ನೇ ಬರೆದಿದ್ದ. ಇದು ವಾರದ್ದೋ ತಿಂಗಳಿನದೋ ಎಂದು ಒಬ್ಬ ಕೇಳಿದ. ನಮ್ಮ ನಾಯಿಯ ಔಷಧಕ್ಕೇ ಇದಕ್ಕಿಂತ ಹೆಚ್ಚು ಹೋಗುತ್ತದೆ ಎಂದು ಇನ್ನೊಬ್ಬಳು ಬರೆದಳು. ಅವತ್ತು ಅವನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ಸುಜಾತಾ ಆ ಫೋನು ತೆಗೆದು ಎಲ್ಲವನ್ನೂ ಓದಿದ್ದಳು. ಪಕ್ಕದಲ್ಲಿ ಕುಳಿತು, ಅಂಥವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ ಎಂದು ಬಹಳ ಹೊತ್ತು ಸಮಾಧಾನ ಹೇಳಿದ್ದಳು. ಆ ನಿಜವಾದ ಲೆಕ್ಕದಲ್ಲೂ ತಾನು ರೊಟ್ಟಿ ಮಾರಿ ತರುವ ದುಡ್ಡು ಇರಲಿಲ್ಲ ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು. ನೊಂದವನನ್ನು ಇನ್ನಷ್ಟು ನೋಯಿಸುವುದೇಕೆಂದು ಆಗ ಸುಮ್ಮನಾದಳು.

ಬೆಳಕು ಹರಿಯುವ ಮೊದಲೇ ಒಲೆಯ ಮೇಲೆ ಹಂಚು ಇಟ್ಟರೆ ಖಾನಾವಳಿಗೆ ಕೊಡುವ ರೊಟ್ಟಿಯ ಬುಟ್ಟಿ ತುಂಬುವವರೆಗೆ ಅವಳ ಕೈಗೆ ಬಿಡುವಿಲ್ಲ. ಮನೆ ಬಾಡಿಗೆ, ಗ್ಯಾಸು, ರೇಣುಕಾಳ ಶಾಲೆಯ ಫೀ, ಕೊನೆಗೆ ಗಂಡನ ಈ ಫೋನಿನ ಕಂತು ಕೂಡ ಆ ದುಡ್ಡಿನಲ್ಲೇ ಹೋಗುತ್ತಿತ್ತು. ಸಿದ್ಧರಾಮನ ಬಾಯಲ್ಲಿ ಅದು ‘ನಿನ್ನ ಕೈಖರ್ಚು’. ಹೆಂಡತಿ ರೊಟ್ಟಿ ಬಡಿದು ಮಾರುತ್ತಾಳೆಂದರೆ ಮರ್ಯಾದೆಗೆ ಕಡಿಮೆಯಂತೆ. ಬುಟ್ಟಿ ಒಯ್ಯುವ ಯುನೂಸನ ಆಟೋ ಮುಂಬಾಗಿಲಿಗೆ ಬರುವಂತಿರಲಿಲ್ಲ. ಸುತ್ತಿ ಬಳಸಿ ಹಿತ್ತಲಿಗೇ ಬರಬೇಕು.

ನಿಜವಾದ ಹೆಂಗಸಾಗಿದ್ದರೆ ಹೋಗಿ ಜಗಳವನ್ನಾದರೂ ಆಡಬಹುದಿತ್ತು. ಈ ಕಣ್ಣಿನ ಡಾಕ್ಟರಮ್ಮನನ್ನು ಎಲ್ಲಿ ಹುಡುಕುವುದು? ಸುಜಾತಾ ಹಿಟ್ಟಿನ ಕೈ ಒರೆಸಿಕೊಂಡು ತನ್ನ ಫೋನು ತೆಗೆದಳು. ‘ಬಿಳಿಜೋಳ’ ಎಂಬ ಹೆಸರಿಟ್ಟುಕೊಂಡು ಅದೇ ಕಟ್ಟೆ ಹತ್ತಿ ಬರೆದಳು: ‘ಡಾಕ್ಟರ ಬಾಯಾರು ದವಾಖಾನಿಗಿ ಹೋದ್ರ ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಾರ್ರಿ?’ ಗುರುತು ಸಿಗಲಿ ಎಂದೇ ಮನೆಯ ಮಾತಿನಲ್ಲಿ ಬರೆದದ್ದು. ಗಂಡ ಓದಿ ನಾಚಿಕೊಂಡು ತಾನು ಬರೆದದ್ದನ್ನೆಲ್ಲ ಅಳಿಸಿಹಾಕಿದರೆ ಸಾಕು, ಈ ಜನ್ಮದಲ್ಲಿ ಆ ಮಾತು ಎತ್ತುವುದಿಲ್ಲ ಎಂದು ಒಲೆಯ ಮುಂದೆ ಕುಳಿತು ತನಗೆ ತಾನೇ ಮಾತು ಕೊಟ್ಟುಕೊಂಡಳು.

ಸಿದ್ಧರಾಮ ಜಳಕ ಮುಗಿಸಿ, ಪಡಸಾಲೆಯಲ್ಲಿ ತಟ್ಟೆಯ ಮುಂದೆ ಕುಳಿತ. ಬಲಗೈ ರೊಟ್ಟಿ ಮುರಿದು ಶೇಂಗಾ ಹಿಂಡಿಗೆ ಅದ್ದುತ್ತಿತ್ತು, ಎಡಗೈಗೆ ಫೋನು ಬಂತು. ಅವನು ಓದಿದ್ದನ್ನು ಅಡುಗೆಮನೆಯಿಂದಲೇ ಅವಳು ನೋಡಿದಳು. ಅವನ ಮುಖ ಸಣ್ಣಗಾಗಲಿಲ್ಲ. ನಕ್ಕ. ಹೆಬ್ಬೆರಳಿನಿಂದ ಏನೋ ಒತ್ತತೊಡಗಿದ.

“ಏನ್ ಬರ್ಯಾಕತ್ತೀರಿ?” ಎಂದಳು ಸುಜಾತಾ.

“ಏನಿಲ್ಲ, ಅಂಗಡಿ ಕೆಲಸ. ಇನ್ನೊಂದು ಬಿಸೀದು ತಾ.”

ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕುವುದಕ್ಕೂ ಪಕ್ಕದಲ್ಲಿದ್ದ ಅವಳ ಫೋನು ಗುಂಯ್ ಎನ್ನುವುದಕ್ಕೂ ಸರಿಹೋಯಿತು. ಡೋಣಿದಂಡೆ ಉತ್ತರ ಬರೆದಿದ್ದ: ‘ನೀವೂ ನಮ್ಮ ಕಡಿಯವರು ಇದ್ದಂಗ ಕಾಣ್ತೈತಿ. ಅಡಗಿಗೆ ಒಬ್ಬಾಕೀನ ಇಟ್ಟೇವ್ರಿ. ಆಕಿ ಕೈಯಾನಂಥ ರೊಟ್ಟಿ ಇಡೀ ಬಾಗೇವಾಡ್ಯಾಗ ಯಾರಿಗೂ ಬರಂಗಿಲ್ಲ. ಛಲೋ ಪಗಾರ ಕೊಡ್ತೇವಿ, ಮನಿ ಮಂದಿ ಹಂಗ ನೋಡ್ಕೋತೇವಿ.’

ಲಗ್ನವಾಗಿ ಬಂದಾಗಿನಿಂದ ಅವಳ ರೊಟ್ಟಿಯನ್ನು ಅವನು ಹೊಗಳಿದ್ದು ಇದೇ ಮೊದಲು. ಸುಜಾತಾ ಮತ್ತೆ ಓದಿದಳು. ಅಷ್ಟರಲ್ಲೇ ಯಾರೋ ಪುಣ್ಯಾತ್ಮರು, ನಿಮ್ಮಂಥ ಮನೆ ಸಿಗಲು ಆ ಕೆಲಸದವಳು ಅದೃಷ್ಟ ಮಾಡಿರಬೇಕು ಎಂದು ಕೆಳಗೆ ಬರೆದುಬಿಟ್ಟಿದ್ದರು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು.

“ಏ, ಹೊತ್ತಾಕತ್ತೈತಿ ನೋಡು,” ಎಂದು ಸಿದ್ಧರಾಮ ಅಲ್ಲಿಂದಲೇ ಕೂಗಿದ, ಫೋನಿನಿಂದ ಕಣ್ಣು ತೆಗೆಯದೆ.

ಅವಳು ಒಲೆ ಆರಿಸಿದಳು. ಕೈ ತೊಳೆದು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಚ್ಚಿ, ತಲೆಯ ಮೇಲೆ ಎಳೆದುಕೊಂಡಳು. ಪಡಸಾಲೆಗೆ ಬಂದವಳು ಒಳಗೆ ಕಾಲಿಡದೆ, ಕೂಲಿಗೆ ಬಂದವರು ನಿಲ್ಲುವ ಹಾಗೆ ಹೊಸ್ತಿಲಿನ ಆಚೆಯೇ ನಿಂತಳು. ಬಿಸಿ ರೊಟ್ಟಿಗೆಂದು ಸಿದ್ಧರಾಮ ತಟ್ಟೆಯನ್ನು ಮುಂದೆ ಸರಿಸಿದ.

“ಕೆಲಸ ಮುಗೀತ್ರಿ ಸಾಹೇಬ್ರ,” ಎಂದಳು ಸುಜಾತಾ. “ಪಗಾರ ಕೊಟ್ರ ನಾ ನಮ್ಮ ಮನಿಗಿ ಹೋಗ್ತೇನಿ.”